ಎದೆಮಟ್ಟದ ಗೇಟು

ಮೋಟರ್ ವೈಂಡಿಂಗ್ ಕೆಲಸದಲ್ಲಿ ನಡುವೆ ತಲೆ ಎತ್ತುವ ಹಾಗಿಲ್ಲ. ಕೂದಲೆಳೆಯಂಥ ತಾಮ್ರದ ತಂತಿಯನ್ನು ಸುತ್ತುತ್ತಾ ಹೋಗುವಾಗ ಲೆಕ್ಕ ತಪ್ಪಿತೋ, ಎಲ್ಲ ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತಬೇಕು. ಅದಕ್ಕೇ ಆತ ಕೆಲಸಕ್ಕೆ ಕೂತರೆ ಮನೆಯವರು ಮಾತಾಡಿಸುತ್ತಿರಲಿಲ್ಲ. ಮನೆಯವರು ಎಂದರೆ ಇಬ್ಬರೇ: ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹೆಂಡತಿ, ಮತ್ತೆ ಅವಳ ತಾಯಿ.

ಮನೆ ಅತ್ತೆಯದು, ಆತ ಮನೆ ಅಳಿಯ. ಮದುವೆಯಾದ ಹೊಸದರಲ್ಲಿ ಗೆಳೆಯರು ಅದನ್ನೇ ಹಿಡಿದುಕೊಂಡು ಆತನ ಕಾಲೆಳೆಯುತ್ತಿದ್ದರು. ಅದು ಕಿವಿಗೆ ಬಿದ್ದ ದಿನವೇ ಅತ್ತೆ ರಸ್ತೆ ಕಡೆಯ ಕೋಣೆಯಿಂದ ತಮ್ಮ ಮಂಚ, ಬೀರು ಎಲ್ಲ ಎತ್ತಿಸಿ, "ಇಲ್ಲಿ ಅಂಗಡಿ ಇಟ್ಕೊಳ್ಳಿ. ಬೆಳಕು ಚೆನ್ನಾಗಿ ಬೀಳುತ್ತೆ. ಬೋರ್ಡಲ್ಲಿ ನಿಮ್ಮ ಹೆಸರು ದೊಡ್ಡದಾಗಿ ಬರೆಸಿ, ಆಮೇಲೆ ಯಾರು ಏನಂತಾರೋ ನಾನೂ ನೋಡ್ತೀನಿ" ಎಂದಿದ್ದರು. ಆವತ್ತಿನಿಂದ ಆತನಿಗೆ ಅತ್ತೆ ಎಂದರೆ ಸ್ವಂತ ತಾಯಿಗಿಂತ ಒಂದು ಕೈ ಮೇಲೆ.

ಅತ್ತೆ ಬಸ್ ಕಂಡಕ್ಟರ್ ಆಗಿದ್ದವರು. ಹೆಂಗಸರು ಆ ಕೆಲಸಕ್ಕೆ ಬರುವುದೇ ಅಪರೂಪವಾಗಿದ್ದ ಕಾಲದಲ್ಲಿ ಚರ್ಮದ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು, ಬಾಯಲ್ಲಿ ಸೀಟಿ ಕಚ್ಚಿಕೊಂಡು, ತುಂಬಿದ ಬಸ್ಸಿನಲ್ಲಿ ಮೀನಿನ ಹಾಗೆ ಈಜಿದವರು. ಗಂಡ ತೀರಿಕೊಂಡಾಗ ಮಗಳು ಇನ್ನೂ ತೊದಲುತ್ತಿದ್ದಳಂತೆ. ಎಷ್ಟೋ ದಿನ ಅವಳನ್ನು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೇ ಡ್ಯೂಟಿ ಮಾಡಿದ್ದರು. ಅವರ ಗಂಟಲು ಎಂಥದ್ದೆಂದರೆ, ನಿವೃತ್ತರಾದ ಮೇಲೂ ಅಡುಗೆಮನೆಯಿಂದ "ಊಟಕ್ಕೆ ಬನ್ನಿ" ಎಂದರೆ ಪಕ್ಕದ ಮನೆಯವರೂ ಕೈ ತೊಳೆಯುತ್ತಿದ್ದರು ಎಂದು ಅಳಿಯ ತಮಾಷೆ ಮಾಡುತ್ತಿದ್ದ.

ಆ ಅತ್ತೆಗೆ ಮರೆವು ಹಿಡಿಯಿತು. ಮೊದಮೊದಲು ಕನ್ನಡಕ, ಚಪ್ಪಲಿ, ಒಲೆ ಮೇಲಿಟ್ಟ ಹಾಲು. ಬರಬರುತ್ತಾ ಮನುಷ್ಯರು. ಕೊನೆಗೆ ಮಧ್ಯದ ವರ್ಷಗಳೆಲ್ಲ ಎಲ್ಲೋ ಕಳಚಿಕೊಂಡು, ಅವರು ಮತ್ತೆ ಕೆಲಸಕ್ಕೆ ಹೋಗುವ ಹೆಂಗಸಾದರು. ಬೆಳಗಾದರೆ ಸಾಕು, ಸೀರೆ ಉಟ್ಟು, ಜಡೆ ಹಾಕಿಕೊಂಡು, ಮಗಳ ಕೈಚೀಲವನ್ನು ಹೆಗಲಿಗೇರಿಸಿ ಹೊರಟುಬಿಡುತ್ತಿದ್ದರು. ಕಾಂಪೌಂಡಿಗೆ ಮೊದಲು ಒಂದು ಮರದ ಗೇಟಿತ್ತು. ಗೆದ್ದಲು ತಿಂದು ಬಿದ್ದುಹೋದ ಮೇಲೆ ಯಾರೂ ಅದರ ಗೋಜಿಗೆ ಹೋಗಿರಲಿಲ್ಲ. ಗೇಟಿಲ್ಲದಿದ್ದರೇ ಗಿರಾಕಿಗಳಿಗೆ ಸಲೀಸು ಎಂದು ಆತನೂ ಸುಮ್ಮನಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಆತ ತಂತಿಯ ಲೆಕ್ಕದಲ್ಲಿ ಮುಳುಗಿದ್ದಾಗ ಅತ್ತೆ ಹೊರಗೆ ಹೋದದ್ದು ಗೊತ್ತೇ ಆಗಲಿಲ್ಲ. ತಲೆ ಎತ್ತಿದಾಗ ಅತ್ತೆ ಕೂರುತ್ತಿದ್ದ ಕುರ್ಚಿ ಖಾಲಿ. ಆತ ಬರಿಗಾಲಲ್ಲೇ ಓಡಿದ. ದೊಡ್ಡ ರಸ್ತೆಯ ನಟ್ಟನಡುವೆ ಅತ್ತೆ ಕೈ ಅಡ್ಡ ಹಿಡಿದು ನಿಂತಿದ್ದರು. ಅವರೆದುರಿಗೆ ಮರಳು ತುಂಬಿದ ಲಾರಿಯೊಂದು ಕಿರ್ರೆಂದು ಬ್ರೇಕ್ ಹಾಕಿ ಹೊಗೆಯಾಡುತ್ತಿತ್ತು. "ಹೋಲ್ಡಾನ್! ಹೋಲ್ಡಾನ್ ಅಂತ ಎಷ್ಟು ಸಲ ಹೇಳೋದು! ಜನ ಇನ್ನೂ ಹತ್ತೇ ಇಲ್ಲ!" ಎಂದು ಅವರು ಲಾರಿ ಡ್ರೈವರನ್ನು ಗದರುತ್ತಿದ್ದರು. ಆತ ಅವರ ಕೈ ಹಿಡಿದು ರಸ್ತೆ ಬದಿಗೆ ಕರೆತಂದ.

ಸುದ್ದಿ ತಿಳಿದ ಹೆಂಡತಿ ಬಟ್ಟೆ ಕೂಡ ಬದಲಿಸದೆ ಮೆಟ್ಟಿಲ ಮೇಲೆ ಕೂತು ಅತ್ತಳು.

"ನನಗೆ ಡ್ಯೂಟೀಲಿ ಕೈಕಾಲೇ ಆಡಲ್ಲ ಕಣ್ರೀ. ಆಂಬುಲೆನ್ಸ್ ಸದ್ದು ಕೇಳಿದ್ರೆ ಅಮ್ಮನೇ ಇರಬಹುದು ಅಂತ ಓಡ್ತೀನಿ. ಒಂದು ಗೇಟ್ ಹಾಕಿಸಿ. ಆಳೆತ್ತರದ್ದು. ಬೀಗ ಇರೋದು."

"ಆಯ್ತು, ನಾಳೇನೇ ಹೋಗ್ತೀನಿ. ಅಳಬೇಡ."

ವೆಲ್ಡಿಂಗ್ ಅಂಗಡಿಯವನನ್ನು ಎಲ್ಲರೂ ಕಿಡಿಯಣ್ಣ ಎನ್ನುತ್ತಿದ್ದರು. ತೋಳಿನ ತುಂಬ ಸಣ್ಣ ಸಣ್ಣ ಸುಟ್ಟ ಕಲೆ, ಬಾಯಿ ತುಂಬ ಮಾತು. ಬಂದವನೇ ಎರಡು ಕಂಬಗಳ ನಡುವಿನ ಜಾಗವನ್ನು ಮೇಲೊಮ್ಮೆ, ನಡುವೆ ಒಮ್ಮೆ, ಕೆಳಗೊಮ್ಮೆ ಅಳೆದ.

"ಕಂಬ ನೋಡೋಕೆ ನೆಟ್ಟಗಿರುತ್ತೆ ಯಜಮಾನ್ರೇ, ಆದ್ರೆ ನಂಬಬಾರದು. ನಿಮ್ಮದು ಮೇಲುಗಡೆ ಸ್ವಲ್ಪ ಒಳಕ್ಕೆ ವಾಲಿದೆ. ಎಲ್ಲಿ ಕಮ್ಮಿ ಇದೆಯೋ ಅದನ್ನೇ ಲೆಕ್ಕಕ್ಕೆ ತಗೊಂಡು, ಕೀಲಿಗೆ ಜಾಗ ಬಿಟ್ಟು ಮಾಡಬೇಕು. ಇಲ್ಲಾಂದ್ರೆ ಮಳೆಗಾಲದಲ್ಲಿ ಗೇಟು ಕೂತ್ಕೊಂಡುಬಿಡುತ್ತೆ, ಎಬ್ಬಿಸೋಕೆ ನಾಲ್ಕು ಜನ ಬೇಕು." ಆಮೇಲೆ ಹಲ್ಲು ಬಿಟ್ಟು, "ಯಾವುದರಲ್ಲಿ ಮಾಡಲಿ? ಮರದ್ದು ಚೆಂದ, ಆದರೆ ಗೆದ್ದಲಿನ ರುಚಿ ನಿಮಗೆ ಗೊತ್ತಿದೆ. ಸ್ಟೀಲು ಹೊಳೆಯುತ್ತೆ, ಖರ್ಚು ಜಾಸ್ತಿ. ಅಲ್ಯೂಮಿನಿಯಂ ಹಗುರ, ಗಾಳಿಗೆ ಬಡ್ಕೊಳುತ್ತೆ. ಕಬ್ಬಿಣ ಆದ್ರೆ ವರ್ಷಕ್ಕೊಂದು ಸಲ ಬಣ್ಣ ಕಾಣಿಸಬೇಕು, ಅಷ್ಟೇ" ಎಂದ.

"ಕಬ್ಬಿಣಾನೇ ಇರ್ಲಿ. ಮೇಲಿಂದ ಕೆಳಗಿನ ತನಕ ಶೀಟು. ಹತ್ತೋಕೆ ಆಗಬಾರದು, ದಾಟೋಕೂ ಆಗಬಾರದು."

"ಕಳ್ಳರ ಕಾಟವಾ?"

"ಅಲ್ಲ. ಅತ್ತೆ," ಎಂದು ಹೇಳಿ ಆತ ಮುಖ ಆಚೆ ತಿರುಗಿಸಿದ. ಕಿಡಿಯಣ್ಣ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ.

ಗೇಟು ಬಂತು. ಕಡುಗಪ್ಪು ಬಣ್ಣದ, ಆತನ ತಲೆಗಿಂತ ಎತ್ತರದ, ಎಲ್ಲೂ ಕಿಂಡಿಯಿಲ್ಲದ ಗೇಟು. ಬೀಗ ಬಿದ್ದ ಮೇಲೆ ಹೆಂಡತಿ ಬಹಳ ದಿನಗಳ ನಂತರ ನೆಮ್ಮದಿಯಿಂದ ಡ್ಯೂಟಿಗೆ ಹೋದಳು.

ಅತ್ತೆ ಕೂಗಾಡಬಹುದು, ಗೇಟು ಬಡಿಯಬಹುದು ಎಂದು ಆತ ಅಂದುಕೊಂಡಿದ್ದ. ಅವರು ಹಾಗೇನೂ ಮಾಡಲಿಲ್ಲ. ಸೀರೆ ಉಟ್ಟು, ಚೀಲ ಏರಿಸಿ ಗೇಟಿನ ತನಕ ಬಂದರು. ಆ ಕಪ್ಪು ಶೀಟನ್ನು ಮೇಲಿಂದ ಕೆಳಗೆ ನೋಡಿದರು. ಹಿಂತಿರುಗಿ ಬಂದು ಅಳಿಯನನ್ನು ಕೇಳಿದರು: "ಡ್ರೈವರ್ರೇ, ಇದೇನು, ಗಾಡೀನ ಶೆಡ್ಡಿಗೆ ಹಾಕಿಬಿಟ್ರಾ?"

"ಹೂಂ ಅತ್ತೆ. ಸ್ವಲ್ಪ ರಿಪೇರಿ."

"ಯಾವಾಗ ಬಿಡ್ತಾರಂತೆ?"

ಆತ ಮತ್ತೆ ತಂತಿಯ ಕಡೆ ಬಗ್ಗಿದ. ಅತ್ತೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತರು. ಮಾರನೆಯ ದಿನವೂ ಅದೇ ಪ್ರಶ್ನೆ. ಕೆಲವು ದಿನ ಕಳೆದ ಮೇಲೆ ಕೇಳುವುದನ್ನೂ ಬಿಟ್ಟರು. ಜಡೆ ಹಾಕಿಕೊಳ್ಳುವುದನ್ನು ಬಿಟ್ಟರು. ತಟ್ಟೆಯಲ್ಲಿ ಅನ್ನ ಹಾಗೇ ಉಳಿಯತೊಡಗಿತು. ಓಣಿಗೇ ಕೇಳಿಸುತ್ತಿದ್ದ ಆ ಗಂಟಲು ಪಕ್ಕದಲ್ಲಿ ಕೂತವರಿಗೂ ಕೇಳಿಸದಂತಾಯಿತು. ಮುಂದಿನ ಕೋಣೆಯೂ ಕತ್ತಲಾಯಿತು. ಬೆಳಕೆಲ್ಲ ರಸ್ತೆ ಕಡೆಯಿಂದಲೇ ಬರುತ್ತಿತ್ತು. ಆತ ಹಗಲಲ್ಲೇ ಲೈಟು ಹಾಕಿಕೊಂಡು ತಂತಿ ಸುತ್ತುತ್ತಿದ್ದ.

ಒಂದು ಮಧ್ಯಾಹ್ನ ಅತ್ತೆ ಮತ್ತೆ ಗೇಟಿನ ಹತ್ತಿರ ಹೋದರು. ಕೀಲಿನ ಪಕ್ಕದಲ್ಲಿ ಕಂಬಕ್ಕೂ ಶೀಟಿಗೂ ನಡುವೆ ಒಂದು ಸಣ್ಣ ಸಂದಿತ್ತು. ಅವರು ಅದಕ್ಕೆ ಕಣ್ಣಿಟ್ಟು ನಿಂತರು. ಆತ ಒಂದು ಮಿಕ್ಸಿಯ ಮೋಟರು ಬಿಚ್ಚಿ ಸ್ವಚ್ಛ ಮಾಡಿ ಮುಗಿಸಿದರೂ ಅವರು ಹಾಗೇ ನಿಂತಿದ್ದರು. ಕರೆದುಕೊಂಡು ಬರಲು ಹೋದಾಗ ನೋಡಿದ: ಬಿಸಿಲಿಗೆ ಕಾದ ಶೀಟಿಗೆ ಅಂಗೈ ಊರಿ ನಿಂತು ಅಂಗೈಯೆಲ್ಲ ಕೆಂಪಗಾಗಿತ್ತು. ಅದರ ಪರಿವೆಯೇ ಅವರಿಗಿರಲಿಲ್ಲ.

"ಏನ್ ನೋಡ್ತಿದೀರ ಅತ್ತೆ?"

"ಜನ," ಎಂದರು ಅವರು. "ಪಾಪ, ಎಷ್ಟೊತ್ತಿಂದ ಕಾಯ್ತಿದಾರೋ."

ಆತ ಬಗ್ಗಿ ತಾನೂ ಆ ಸಂದಿಗೆ ಕಣ್ಣಿಟ್ಟ. ಎದುರು ಮನೆ ಗೋಡೆಯ ಒಂದು ಪಟ್ಟಿ ಕಂಡಿತು. ಸೈಕಲ್ಲಿನ ಗಾಲಿಯೊಂದು ಮಿಂಚಿ ಮಾಯವಾಯಿತು. ಅಷ್ಟೇ. ಇಡೀ ಪ್ರಪಂಚದಲ್ಲಿ ಅತ್ತೆಗೆ ಉಳಿದದ್ದು ಅಷ್ಟು. ಅವರನ್ನು ಒಳಗೆ ಕರೆದುಕೊಂಡು ಹೋಗಿ, ಕೈಯನ್ನು ತಣ್ಣೀರಲ್ಲಿ ಅದ್ದಿಸಿ, ಅಂಗೈಗೆ ಮುಲಾಮು ಹಚ್ಚಿದ. ಆ ಕೈ ಎಷ್ಟು ಹಗುರಾಗಿದೆ ಎನ್ನುವುದು ಆಗಲೇ ಆತನ ಗಮನಕ್ಕೆ ಬಂದದ್ದು.

ಸಂಜೆ ಹೆಂಡತಿಯ ಹತ್ತಿರ ಗೇಟು ಬದಲಿಸುವ ಮಾತು ತೆಗೆದ. ಅವಳು ಒಪ್ಪಲಿಲ್ಲ.

"ಮತ್ತೆ ಲಾರಿ ಮುಂದೆ ಹೋಗಿ ನಿಂತ್ರೆ? ಆವತ್ತು ಬ್ರೇಕ್ ಬಿತ್ತು. ದಿನಾ ಬೀಳುತ್ತಾ?"

"ಗೇಟೇ ಬೇಡ ಅಂತ ನಾನೆಲ್ಲಿ ಹೇಳಿದೆ? ಈ ಗೇಟು ಬೇಡ ಅಂದೆ. ಅತ್ತೆ ಓಡಿಹೋಗ್ತಾ ಇರಲಿಲ್ಲ ಕಣೆ, ಕೆಲಸಕ್ಕೆ ಹೋಗ್ತಾ ಇದ್ರು. ನಾವು ನೋಡಿದ್ರೆ ಜೈಲಿಗೆ ಹಾಕಿದ ಹಾಗೆ ಹಾಕಿದೀವಿ."

"ಜೈಲು ಅನ್ನಬೇಡಿ!" ಅವಳ ಕಣ್ಣು ತುಂಬಿತು. "ನನಗೇನು ಖುಷೀನಾ?"

ಅವಳು ಕಣ್ಣೊರೆಸಿಕೊಂಡು ಎದ್ದು ತಾಯಿಯ ಕೋಣೆಗೆ ಹೋದಳು. ಮುಲಾಮು ಹಚ್ಚಿದ ಅಂಗೈಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಹೊರಗೆ ಬಂದು, "ಅಮ್ಮಂಗೆ ದಾಟೋಕೆ ಆಗಬಾರದು. ಅಷ್ಟು ಗ್ಯಾರಂಟಿ ಇದ್ರೆ ಮಾಡ್ಸಿ" ಎಂದಳು.

ಈ ಸಲ ಆತ ಅತ್ತೆಯನ್ನೂ ಜೊತೆಗೆ ಕರೆದುಕೊಂಡು ವೆಲ್ಡಿಂಗ್ ಅಂಗಡಿಗೆ ಹೋದ. ಕಿಡಿಯಣ್ಣ ಕಪ್ಪು ಕನ್ನಡಕ ಹಣೆಗೇರಿಸಿ, ಅತ್ತೆಯನ್ನು ಕಂಡು ಎದ್ದು ನಿಂತ.

"ಬನ್ನಿ ಅಮ್ಮಾ, ಬನ್ನಿ. ಎಂಥ ಗೇಟು ಮಾಡಿಕೊಡ್ಲಿ ನಿಮಗೆ?"

"ಗೇಟು ಯಾಕಪ್ಪಾ? ಮುಂದಿನ ಬಾಗಿಲು, ಹಿಂದಿನ ಬಾಗಿಲು, ಎರಡಿದ್ರೆ ಸಾಕು," ಎಂದರು ಅತ್ತೆ.

ಕಿಡಿಯಣ್ಣ ನಗು ತಡೆದುಕೊಂಡು, "ಅದೂ ಸರಿ ಅನ್ನಿ. ಹಿಡ್ಕೊಳ್ಳೋಕೆ ಯಾವುದು ಬೇಕು, ಒಂಚೂರು ನೋಡಿ ಹೇಳಿ" ಎಂದು ಗೋಡೆಗೆ ಒರಗಿಸಿದ್ದ ಕಬ್ಬಿಣದ ತುಂಡುಗಳನ್ನು ತೋರಿಸಿದ. ಚೌಕ ಪೈಪು ಅವರಿಗೆ ಹಿಡಿಸಲಿಲ್ಲ, ಚಪ್ಪಟೆ ಪಟ್ಟಿಯೂ ಹಿಡಿಸಲಿಲ್ಲ. ಗುಂಡಗಿನ ಪೈಪಿನ ಮೇಲೆ ಕೈಯಿಟ್ಟವರು ತೆಗೆಯಲಿಲ್ಲ. ಬೆರಳು ತಾವಾಗಿಯೇ ಅದನ್ನು ಸುತ್ತಿಕೊಂಡವು. ಬೆನ್ನು ನೆಟ್ಟಗಾಯಿತು. ಕಾಲುಗಳು ಸ್ವಲ್ಪ ಅಗಲವಾದವು, ಓಡುವ ಬಸ್ಸಿನಲ್ಲಿ ನಿಂತವರ ಹಾಗೆ.

"ಹೂಂ," ಎಂದರು.

ಕಿಡಿಯಣ್ಣ ಅವರನ್ನು ಹಾಗೇ ನಿಲ್ಲಿಸಿ ಟೇಪು ಹಿಡಿದು ಅಳತೆ ತೆಗೆದುಕೊಂಡ. ಆಮೇಲೆ ಅವನೂ ಅಳಿಯನೂ ಕೂತು ಯೋಚಿಸಿದರು. ಎತ್ತರ ಅತ್ತೆಯ ಎದೆಮಟ್ಟಕ್ಕೆ: ಒರಗಿ ನಿಲ್ಲಬಹುದು, ದಾಟಲಾಗದು. ನೆಟ್ಟಗಿನ ಪೈಪುಗಳು: ಅಡ್ಡ ಹಾಕಿದರೆ ಮೆಟ್ಟಿಲಿನ ಹಾಗೆ ಹತ್ತಿಬಿಡಬಹುದು. ಪೈಪುಗಳ ನಡುವೆ ಕೈ ತೂರಬೇಕು, ತಲೆ ತೂರಬಾರದು. ಸ್ಕೂಟರಿಗೆ ಒಂದು ದೊಡ್ಡ ಬಾಗಿಲು, ಜನಕ್ಕೆ ಒಂದು ಚಿಕ್ಕದು. ಚಿಲಕ ಹೊರಗಡೆ, ಕೆಳಗೆ, ಮೊಣಕಾಲಿನ ಹತ್ತಿರ.

"ಮೇಲಿನ ಪೈಪು ಬಿಸಿಲಿಗೆ ಕಾಯುತ್ತಲ್ಲ," ಎಂದ ಅಳಿಯ. ಆ ಕೆಂಪು ಅಂಗೈ ಆತನ ಕಣ್ಣಿನಿಂದ ಇನ್ನೂ ಮರೆಯಾಗಿರಲಿಲ್ಲ.

"ಅದರ ಮೇಲೆ ಮರ ಕೂರಿಸೋಣ. ಗುಂಡಗೆ ಕಡೆದು, ನುಣ್ಣಗೆ ಉಜ್ಜಿ, ಎಣ್ಣೆ ಕುಡಿಸಿ. ನೆಲಕ್ಕೆ ತಾಗಲ್ಲವಲ್ಲ, ಗೆದ್ದಲು ಬರಲ್ಲ."

"ಹಳೇ ಗೇಟು?"

"ನಾನೇ ತಗೊಂಡು ಹೋಗ್ತೀನಿ ಬಿಡಿ. ಯಾರೋ ಗೋಡೌನಿನವರು ಕೇಳ್ತಾ ಇದ್ರು. ಅದಕ್ಕೆ ತಕ್ಕ ಜಾಗ ಅದೇನೇ."

ಹೊಸ ಗೇಟಿಗೆ ತಿಳಿಹಸಿರು ಬಣ್ಣ ಬಳಿದರು. ಅದು ನಿಂತ ದಿನ ಮುಂದಿನ ಕೋಣೆಗೆ ಬೆಳಕು ಮರಳಿ ಬಂತು. ಆತ ಕೆಲಸದ ಮೇಜನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡ. ತಂತಿ ಸುತ್ತುವಾಗಲೂ ಕಣ್ಣಂಚಿನಲ್ಲಿ ಗೇಟು ಕಾಣಬೇಕು, ಹಾಗೆ.

ಅತ್ತೆ ಮೊದಲ ದಿನ ಗೇಟಿನಿಂದ ದೂರವೇ ನಿಂತರು. ಎರಡನೆಯ ದಿನ ಹತ್ತಿರ ಬಂದು ಮರದ ಹಿಡಿಯನ್ನು ಸವರಿದರು. ಆಮೇಲೊಂದು ಬೆಳಿಗ್ಗೆ ಬಾಚಣಿಗೆ ಹುಡುಕುತ್ತಿದ್ದರು. ಹೆಂಡತಿ ಓಡಿಬಂದು ಜಡೆ ಹಾಕಿದಳು. ಅತ್ತೆ ಚೀಲ ಏರಿಸಿ, ಗೇಟಿಗೆ ಒರಗಿ, ರಸ್ತೆಯತ್ತ ನೋಡುತ್ತಾ ನಿಂತರು. ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳು ಹಾದುಹೋದಳು. ಆಗ ಕೇಳಿಸಿತು ಹಳೆಯ ಗಂಟಲು, ಸ್ವಲ್ಪ ತುಕ್ಕು ಹಿಡಿದಿದ್ದರೂ ಅದೇ ಗಂಟಲು:

"ಮುಂದೆ ಹೋಗಿ, ಮುಂದೆ ಹೋಗಿ! ಒಳಗೆ ಜಾಗ ಇದೆ!"

ಹೆಂಗಸು ಬೆಚ್ಚಿ ನಿಂತು, ಆಮೇಲೆ ನಕ್ಕು, "ಹೋಗ್ತಿದೀನಿ ಅಮ್ಮಾ" ಎಂದಳು. ಕೋಣೆಯಲ್ಲಿದ್ದ ಆತನ ಲೆಕ್ಕ ತಪ್ಪಿತು. ಸುತ್ತಿದ್ದೆಲ್ಲ ಬಿಚ್ಚಬೇಕಾಯಿತು. ನಗುತ್ತಲೇ ಬಿಚ್ಚಿದ.

ಓಣಿಯವರು ಬೇಗ ಕಲಿತುಬಿಟ್ಟರು. ಶಾಲೆಗೆ ಹೋಗುವ ಹುಡುಗಿಯರು ಗೇಟಿನ ಮುಂದೆ ಸಾಲಾಗಿ ನಿಂತು ಟಿಕೆಟ್ ಕೇಳಿದರು. ಅತ್ತೆ ಹಳೇ ಪೇಪರಿನ ಅಂಚು ಹರಿದು ಕೊಟ್ಟರು. ಪೋಸ್ಟ್‌ಮ್ಯಾನ್ ಬಂದರೆ "ಸ್ಟಾಫಾ? ಹತ್ತಿ" ಎನ್ನುತ್ತಿದ್ದರು. ತಲೆ ನರೆತ ಮೇಷ್ಟ್ರೊಬ್ಬರು ಒಂದು ದಿನ ಗೇಟಿನ ಮುಂದೆ ನಿಂತು ಅತ್ತೆಯನ್ನೇ ದಿಟ್ಟಿಸಿ ನೋಡಿ, "ಅಮ್ಮಾ, ನಾನು ಕಾಲೇಜಿಗೆ ನಿಮ್ಮ ಬಸ್ಸಲ್ಲೇ ಹೋಗ್ತಿದ್ದೆ. ಫುಟ್‌ಬೋರ್ಡಲ್ಲಿ ನಿಂತಿದ್ದಕ್ಕೆ ಕಿವಿ ಹಿಂಡಿದ್ರಿ" ಎಂದರು. ಅತ್ತೆ ಅವರನ್ನೊಮ್ಮೆ ನೋಡಿ, "ಈಗಲಾದ್ರೂ ಒಳಗೆ ಬಾ" ಎಂದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಒಂದು ಸಂಜೆ ಡ್ಯೂಟಿ ಮುಗಿಸಿ, ಬಿಳಿ ಬಟ್ಟೆಯಲ್ಲೇ ಬಂದ ಮಗಳನ್ನು ಅವರು ಗುರುತಿಸಲಿಲ್ಲ. "ಆಸ್ಪತ್ರೆಯಿಂದ ಬಂದ್ರಾ ಸಿಸ್ಟರ್? ನಿಂತೂ ನಿಂತೂ ಕಾಲು ನೋಯ್ತಿರುತ್ತೆ. ಬನ್ನಿ, ಸೀಟು ಬಿಡಿಸಿಕೊಡ್ತೀನಿ," ಎಂದು ಪೈಪುಗಳ ನಡುವಿನಿಂದ ಕೈ ಹೊರಗೆ ಚಾಚಿದರು. ಮಗಳು ಆ ಕೈ ಹಿಡಿದುಕೊಂಡು ಹೊರಗೇ ನಿಂತುಬಿಟ್ಟಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಕಿಟಕಿಯಿಂದ ಆತನಿಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ, ಫ್ಯಾನು ರಿಪೇರಿಗೆ ತಂದ ಗಿರಾಕಿಯೊಬ್ಬ ಹೋಗುವಾಗ ಚಿಲಕ ಹಾಕಲು ಮರೆತ. ಅಳಿಯ ಒಳಗೆ ಆ ಫ್ಯಾನನ್ನು ಮೇಜಿನ ಮೇಲಿಟ್ಟು ತಿರುಗಿ ನೋಡಿದರೆ ಚಿಕ್ಕ ಬಾಗಿಲು ಬಾಯಿ ತೆರೆದುಕೊಂಡಿತ್ತು, ಅತ್ತೆ ಅಂಗಳದಲ್ಲಿಲ್ಲ. ಹೊರಗೆ ಹಾರಿದ.

ಅತ್ತೆ ದೂರ ಹೋಗಿರಲಿಲ್ಲ. ಗೇಟಿನ ಆಚೆ, ರಸ್ತೆಯಂಚಿನಲ್ಲಿ, ಎರಡೂ ಕೈಯಲ್ಲಿ ಮರದ ಹಿಡಿಯನ್ನು ಹಿಡಿದುಕೊಂಡು ಮನೆಯತ್ತ ಮುಖ ಮಾಡಿ ನಿಂತಿದ್ದರು. ಮುಂದಿನ ಕೋಣೆಯ ಬೋರ್ಡು, ಬಾಗಿಲು, ಒಣಗಲು ಹಾಕಿದ ಬಟ್ಟೆ, ಎಲ್ಲವನ್ನೂ ಕಣ್ಣಲ್ಲೇ ತಡವುತ್ತಿದ್ದರು.

"ಡ್ರೈವರ್ರೇ," ಎಂದರು ಆತನನ್ನು ಕಂಡು. "ಇಲ್ಲೇ ನಿಲ್ಲಿಸಿಬಿಡಿ. ಇದು ನಮ್ಮ ಮನೆ. ನಾನಿಲ್ಲಿ ಇಳ್ಕೋತೀನಿ."

"ಆಯ್ತು ಅತ್ತೆ," ಎಂದ ಆತ. "ನಿಧಾನ. ಪೂರ್ತಿ ನಿಂತ ಮೇಲೆ ಇಳೀರಿ."

ಚಿಕ್ಕ ಬಾಗಿಲನ್ನು ಅಗಲವಾಗಿ ತೆರೆದು ಹಿಡಿದ. ಅತ್ತೆ ಸೆರಗು ಸರಿಮಾಡಿಕೊಂಡು, ಇಲ್ಲದ ಮೆಟ್ಟಿಲೊಂದನ್ನು ಜೋಪಾನವಾಗಿ ಇಳಿದು ಒಳಗೆ ಬಂದರು. ಹೆಗಲಿನ ಚೀಲವನ್ನು ತೆಗೆದು ಆತನ ಕೈಗಿಟ್ಟು, "ಹಸಿವಾಗಿದೆ ಕಣಪ್ಪ. ಒಳಗೆ ಏನಾದ್ರೂ ಇದೆಯಾ ನೋಡು" ಎಂದರು.

ಅವತ್ತು ಅತ್ತೆ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು.