ನನ್ನ ಬದಲು ಮಗಳು ಆಡಿದ ಮಧ್ಯಾಹ್ನ

ಹೊಸ ತಿಪ್ಪಸಂದ್ರದ ನಮ್ಮ ಮನೆಯಲ್ಲಿ ಮಧ್ಯಾಹ್ನ ಮೂರು ಗಂಟೆಯೆಂದರೆ ಪಾತ್ರೆ ತೊಳೆದಾಗಿ, ಒಲೆಕಟ್ಟೆ ಒರೆಸಿಯಾಗಿ ನಾನು ಫೋನು ಹಿಡಿದು ಕೂರುವ ಹೊತ್ತು. ಆನ್‌ಲೈನ್ ಲೂಡೊ, ಇಬ್ಬಿಬ್ಬರ ಜೋಡಿ. ನನ್ನ ಜೋಡಿ ಬಾಣಸವಾಡಿಯ ಒಬ್ಬ ಹೆಂಗಸು. ಆಟದಲ್ಲೇ ಆದ ಪರಿಚಯ. ಮುಖ ನೋಡಿದ್ದಿಲ್ಲ, ದನಿ ಕೇಳಿದ್ದಿಲ್ಲ. ಫೋಟೊ ಇರಬೇಕಾದ ಕಡೆ ಒಂದು ದಾಸವಾಳ. ದಾಳ ಉರುಳುವ ನಡುವೆ ಅಲ್ಲೇ ಚಾಟ್‌ನಲ್ಲಿ ಬರೆದುಕೊಳ್ಳುತ್ತಿದ್ದೆವು: ಇವತ್ತು ಏನು ಸಾರು, ಮೊಣಕಾಲು ನೋವು ಹೇಗಿದೆ, ಗಂಡಂದಿರು ಏನೆಂದರು. ನನಗಿಂತ ಚಿಕ್ಕವಳು, ಅಕ್ಕಾ ಎನ್ನುತ್ತಿದ್ದಳು. ನನ್ನ ಕಾಯಿಯ ಬೆನ್ನಿಗೆ ಯಾರಾದರೂ ಬಿದ್ದರೆ, ಇನ್ನೇನು ಮನೆ ಸೇರಲಿದ್ದ ತನ್ನ ಕಾಯಿಯನ್ನೂ ಬಿಟ್ಟು ಅವರನ್ನು ಹೊಡೆಯುತ್ತಿದ್ದಳು.

ಒಂದು ದಿನವೂ ತಪ್ಪದೆ ಆಡುವ ಜೋಡಿಗೆ ಪರದೆಯಲ್ಲಿ ದಿನಕ್ಕೊಂದು ಹೂ ಸೇರಿ ಹಾರವಾಗುತ್ತಿತ್ತು. ತಪ್ಪಿದರೆ ಅಷ್ಟೂ ಹೋಗುತ್ತದೆ. ನಮ್ಮ ಹಾರ ಉದ್ದವಾಗಿತ್ತು, ನನಗದರ ಮೇಲೆ ವ್ಯಾಮೋಹ.

ಶ್ರಾವಣದ ಒಂದು ಶುಕ್ರವಾರ ಎದುರು ಮನೆಯವರು ಅರಿಶಿನ ಕುಂಕುಮಕ್ಕೆ ಮೂರಕ್ಕೇ ಕರೆದರು. ರಜೆ ಹಾಕಿ ಮನೆಯಲ್ಲಿದ್ದ ಮಗಳ ಕೈಗೆ ಫೋನು ಕೊಟ್ಟು, ನನ್ನ ಬದಲು ಆಡು, ಹಾರ ಹೋಗಬಾರದು ಎಂದೆ. ನಾನಲ್ಲ ಎಂದು ಹೇಳುವುದು ಬೇಡ, ಸುಮ್ಮನೆ ಆಡಿಬಿಡು ಎಂದೂ ಹೇಳಿದ್ದು ನಾನೇ.

ಬಾಗಿನ ಹಿಡಿದು ವಾಪಸ್ಸು ಬಂದಾಗ ಮಗಳು ಗೆದ್ದ ಖುಷಿಯಲ್ಲಿದ್ದಳು. ನಾನು ಸೀರೆ ಮಡಿಸಿಟ್ಟು ಕೂತು ಚಾಟ್ ಓದಿದೆ.

"ಅಕ್ಕಾ, ನಿನ್ನೆ ರಿಪೋರ್ಟ್ ಬಂತು. ಎದೇಲಿರೋ ಗಡ್ಡೆ ಒಳ್ಳೇದಲ್ವಂತೆ. ಮನೇಲಿ ಯಾರಿಗೂ ಹೇಳಿಲ್ಲ, ನಿಮಗೇ ಮೊದಲು."

ಅದರ ಕೆಳಗೆ ನನ್ನ ಕಡೆಯಿಂದ, ಆಟದಲ್ಲೇ ಇರುವ, ಒತ್ತಿದರೆ ಹೋಗುವ ಸಿದ್ಧ ಮಾತು: "ಬೇಗ ಆಡಿ."

ಆಮೇಲೆ ಅವಳು, "ಅಕ್ಕಾ?" ಮತ್ತೆ ನನ್ನ ಕಡೆಯಿಂದ, "ಬೇಗ ಆಡಿ."

ಅವಳು ಆಡಿದ್ದಳು. ಪೂರ್ತಿ ಆಟ ಆಡಿ ಮುಗಿಸಿದ್ದಳು.

ಮಗಳ ಮೇಲೆ ಹರಿಹಾಯ್ದೆ. ಅವಳ ಮುಖ ಬಿಳಿಚಿಕೊಂಡಿತು. "ಆಟ ಆಡು ಅಂದೆ, ಆಡಿದೆ. ನಿನ್ನ ಚಾಟ್ ನಾನ್ಯಾಕೆ ಓದ್ಲಿ ಅಮ್ಮಾ?" ಎಂದಳು.

ನಡೆದದ್ದನ್ನೆಲ್ಲ ಬರೆದು ಕಳಿಸಿದೆ, ಕ್ಷಮಿಸು ಎಂದೆ. ಉತ್ತರ ಸಂಜೆಗೆ ಬಂತು.

"ನನ್ನ ಮಗಳಿಗೇ ಹೇಳಿರ್ಲಿಲ್ಲ ಅಕ್ಕಾ. ನಿಮ್ಮ ಮಗಳಿಗೆ ಹೇಳ್ದಂಗಾಯ್ತಲ್ಲ. ಒಂದು ದಿನ ಬರಲ್ಲ ಅಂದಿದ್ರೆ ಆಗ್ತಿರ್ಲಿಲ್ವಾ?"

ಮಗಳು ಅದನ್ನು ಓದೇ ಇಲ್ಲ ಎಂದು ಬರೆಯಹೊರಟೆ. ಅಷ್ಟರಲ್ಲಿ ದಾಸವಾಳ ಆಟದ ನನ್ನ ಗೆಳತಿಯರ ಪಟ್ಟಿಯಿಂದ ಹೋಗಿತ್ತು. ಬರೆದದ್ದು ಯಾರಿಗೂ ತಲುಪಲಿಲ್ಲ.

ಮುಂದಿನ ವಾರ ಅವಳನ್ನು ಹುಡುಕಿಕೊಂಡು ಬಸ್ಸು ಹತ್ತಿ ಬಾಣಸವಾಡಿಗೆ ಹೋದೆ. ಮನೆ ರೈಲ್ವೆ ಸ್ಟೇಷನ್ ಹತ್ತಿರ ಎಂದು ಯಾವಾಗಲೋ ಬರೆದಿದ್ದಳು. ತರಕಾರಿ ಗಾಡಿಯ ಸುತ್ತ ನನಗಿಂತ ಚಿಕ್ಕ ವಯಸ್ಸಿನ ನಾಲ್ಕೈದು ಹೆಂಗಸರು ಹುರುಳಿಕಾಯಿ ಆರಿಸುತ್ತಿದ್ದರು. ಅವರಲ್ಲೊಬ್ಬಳು ಜಾಗ ಬಿಟ್ಟು, "ಬನ್ನಿ, ತಗೊಳಿ" ಎಂದಳು. ನಾನು ಅವಳ ಮುಖವನ್ನೇ ನೋಡುತ್ತ ನಿಂತುಬಿಟ್ಟೆ. ಅವಳಿಗೆ ಇರುಸುಮುರುಸಾಗಿರಬೇಕು, ಸೆರಗು ಸರಿಮಾಡಿಕೊಂಡು ಹೊರಟುಹೋದಳು.