ಕಲ್ಯಾಣ ಮಂಟಪದ ಎರಡನೆಯ ಚುಕ್ಕಿ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದರೆ ನಾನು ನಂಬುತ್ತಿರಲಿಲ್ಲ. ಮಂಡ್ಯದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುವವಳು ನಾನು. ಅಳತೆಗೆ ಸಿಗದ್ದು ಇಲ್ಲವೆಂದೇ ಲೆಕ್ಕ ಎಂದು ವಾದಿಸುತ್ತಿದ್ದೆ. ನೀವೂ ನಂಬಬೇಕೆಂದೇನಿಲ್ಲ.

ಮಳವಳ್ಳಿಯಲ್ಲಿರುವ ನನ್ನ ಚಿಕ್ಕವ್ವನಿಗೆ ಚಿಕ್ಕಂದಿನಲ್ಲೇ ಬಲಗಿವಿ ಹೋಗಿತ್ತು. ಒಂದೇ ಕಿವಿಯವರಿಗೆ ದನಿ ಕೇಳುತ್ತದೆ, ಎತ್ತಲಿಂದ ಬಂತೆಂದು ತಿಳಿಯುವುದು ಕಷ್ಟ. ಯಾರಾದರೂ ಕರೆದರೆ ಅವಳು ಮನೆಯೆಲ್ಲ ಕಣ್ಣಾಡಿಸುತ್ತಿದ್ದಳು. ಒಮ್ಮೆ ರಸ್ತೆ ದಾಟುವಾಗ ಹಾರನ್ ಯಾವ ಕಡೆಯದೆಂದು ತಿಳಿಯದೆ ಬೈಕಿಗೆ ಸಿಕ್ಕಿ ಕಾಲು ಮುರಿದುಕೊಂಡಳು. ಆಮೇಲೆಯೇ ನಾನು ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರಿನ ನ್ಯೂರಲ್ ನೆಟ್‌ವರ್ಕಿಗೆ, ಮಾತಾಡುವವರು ಎಲ್ಲಿದ್ದಾರೆಂದು ದನಿಯಿಂದಲೇ ಗುರುತಿಸಲು ಕಲಿಸತೊಡಗಿದ್ದು. ಬಯಲಲ್ಲಿ ಅದು ಸುಲಭ. ದನಿ ಗೋಡೆಗೋಡೆಗೆ ತಾಗಿ ಮರಳುವ ಕಡೆ ದಾರಿ ತಪ್ಪುತ್ತದೆ.

ಅದಕ್ಕೇ ಒಂದು ಆಷಾಢದ ಮಧ್ಯಾಹ್ನ, ಮದುವೆಗಳಿಲ್ಲದ ಕಾಲ ನೋಡಿ, ಮಳವಳ್ಳಿಯ ಖಾಲಿ ಕಲ್ಯಾಣ ಮಂಟಪಕ್ಕೆ ನಾನೂ ಚಿಕ್ಕವ್ವನೂ ಹೋದೆವು. ಕಂಬಗಳಿಗೆ ಮೈಕು ಕಟ್ಟಿದೆ. ಚಿಕ್ಕವ್ವ ಲ್ಯಾಪ್‌ಟಾಪ್ ಮುಂದೆ ಕೂತಳು. ನಾನು ಮಾತಾಡುತ್ತ ನಡೆದರೆ ಪರದೆಯಲ್ಲಿದ್ದ ಮಂಟಪದ ನಕ್ಷೆಯ ಮೇಲೆ ಒಂದು ನೀಲಿ ಚುಕ್ಕಿ ಜೊತೆಗೇ ನಡೆಯುತ್ತಿತ್ತು, ಸುಮ್ಮನಾದರೆ ಆರುತ್ತಿತ್ತು. ಮೇಲಿನ ಕಿಟಕಿಗಳಿಂದ ಮೋಡದ ಬೆಳಕು ಹಾಲಿನಂತೆ ಇಳಿದಿತ್ತು. ನನಗೆ ಮಂಪರು ಬಂದ ಹಾಗಿತ್ತು.

"ಇನ್ನೊಬ್ರು ಯಾರವ್ವ?" ಎಂದಳು ಚಿಕ್ಕವ್ವ.

ಹತ್ತಿರ ಹೋಗಿ ಪರದೆ ನೋಡಿದೆ. ಊಟದ ಮನೆಯ ಬಾಗಿಲ ಬಳಿ ಒಂದು ಚುಕ್ಕಿ ಮೆಲ್ಲಗೆ ಓಡಾಡುತ್ತಿತ್ತು. ಪ್ರತಿಧ್ವನಿ ಎಂದುಕೊಂಡೆ. ಆದರೆ ನಾವಿಬ್ಬರೂ ಸುಮ್ಮನಿದ್ದೆವು. ತಲೆಯೆತ್ತಿ ನೋಡಿದರೆ ಬಾಗಿಲ ಬಳಿ ಯಾರೂ ಇರಲಿಲ್ಲ, ನನಗೇನೂ ಕೇಳಿಸಲಿಲ್ಲ.

ಚಿಕ್ಕವ್ವ ಕಣ್ಣು ಮುಚ್ಚಿಕೊಂಡಳು. ಚುಕ್ಕಿ ಸರಿದತ್ತ ಅವಳ ಮುಖವೂ ತಿರುಗುತ್ತಿತ್ತು.

"ನನ್ನ ಹೆಸ್ರಿಡ್ದು ಕೂಗ್ತಾವ್ರೆ ಕಣವ್ವ," ಎಂದಳು. ಆಮೇಲೆ ಆ ಬಾಗಿಲ ಕಡೆಗೆ, "ಓ, ಬಂದೆ" ಎನ್ನುತ್ತ ಎದ್ದು ನೇರ ನಡೆದಳು. ಅವಳ ದನಿಯ ಚುಕ್ಕಿ ಆ ಚುಕ್ಕಿಯನ್ನು ಸೇರಿತು. ಎರಡೂ ಒಂದಾಗಿ ಆರಿದವು. ಅವಳು ಅಲ್ಲೇ ಬಹಳ ಹೊತ್ತು ನಿಂತಿದ್ದಳು. ನನಗೆ ಭಯವಾಗಲಿಲ್ಲ.

ಮನೆಗೆ ಬಂದು ಧ್ವನಿಮುದ್ರಣ ಕೇಳಿದೆ. ನಮ್ಮಿಬ್ಬರ ಮಾತು ಬಿಟ್ಟು ಏನೂ ಇಲ್ಲ. ಅದನ್ನೇ ಮತ್ತೆ ನೆಟ್‌ವರ್ಕಿಗೆ ಕೊಟ್ಟರೆ ಆ ಚುಕ್ಕಿ ಮೂಡಲಿಲ್ಲ, ಎಷ್ಟು ಸಲ ಕೊಟ್ಟರೂ.

ಬಲಗಿವಿ ಮೊದಲಿನಂತೆಯೇ ಇದೆ ಎಂದರು ಡಾಕ್ಟರು. ಆದರೆ ಅಂದಿನಿಂದ ಯಾವ ಮೂಲೆಯಿಂದ ಕರೆದರೂ ಚಿಕ್ಕವ್ವ ಸರಿಯಾಗಿ ಅತ್ತಲೇ ತಿರುಗುತ್ತಾಳೆ. ರಸ್ತೆಯನ್ನು ಒಬ್ಬಳೇ ದಾಟುತ್ತಾಳೆ.

"ಅಲ್ಲಿ ಯಾರಿದ್ರು ಚಿಕ್ಕವ್ವ?" ಎಂದು ಒಮ್ಮೆ ಕೇಳಿದೆ.

"ನೋಡ್ದೋಳು ನೀನು. ನನ್ನ ಕೇಳ್ತೀಯಲ್ಲ" ಎಂದಳು.

ನಾನು ನೋಡಿದ್ದು ಚುಕ್ಕಿಯನ್ನಷ್ಟೇ. ಅದು ಯಾರ ದನಿಯೋ, ನನಗೆ ಇವತ್ತಿಗೂ ತಿಳಿದಿಲ್ಲ.