ರವಿವಾರದ ಮನೆಗಳು

ನಮ್ಮ ಮನೆಯಲ್ಲಿ ಹಳದಿ ಬಣ್ಣದ ಎಣ್ಣೆ ಡಬ್ಬಿಯೊಂದಿತ್ತು. ಒಳಗಿನ ಶೇಂಗಾ ಎಣ್ಣೆ ಮುಗಿದು ಎಷ್ಟೋ ಕಾಲವಾಗಿತ್ತು, ಬಿಸಿನೀರು ಹಾಕಿ ತಿಕ್ಕಿದ್ದೂ ಆಗಿತ್ತು, ಆದರೂ ವಾಸನೆ ಮಾತ್ರ ಅದರ ಹೊಟ್ಟೆ ಬಿಟ್ಟು ಹೋಗಲಿಲ್ಲ. ರವಿವಾರ ಬೆಳಿಗ್ಗೆ ನಾರಾಯಣಗೂಡದ ಬಾಡಿಗೆ ಮನೆಯ ನಲ್ಲಿಯ ಕೆಳಗೆ ಅಕ್ಕ ಅದನ್ನು ಹಿಡಿದಾಗ ಮೊದಲು ದಪ್ಪ ದನಿಯಲ್ಲಿ ಗುಡುಗುತ್ತಿತ್ತು, ನೀರು ಕೊರಳಿಗೆ ಬಂದಂತೆ ದನಿ ಸಣ್ಣದಾಗಿ ಕೊನೆಗೊಂದು ಸಿಳ್ಳೆ ಹಾಕುತ್ತಿತ್ತು. ಆ ಸಿಳ್ಳೆಗೆ ನಾನು ಹೊದಿಕೆ ಸರಿಸಿ ಏಳಬೇಕು. ಆ ನೀರು ನಮಗಲ್ಲ, ಪ್ಲಾಟಿನಲ್ಲಿದ್ದ ಸೀತಾಫಲದ ಗಿಡಕ್ಕೆ.

ಪ್ಲಾಟು ಎಂಬ ಶಬ್ದವನ್ನು ಈಗ ನೀವು ಸುಮ್ಮನೆ ಓದಿಕೊಂಡು ಹೋಗುತ್ತೀರಿ. ಆಗ ಅದು ಹಾಗಿರಲಿಲ್ಲ. ತಿಂಗಳ ಸಂಬಳದ ಮನೆಗಳಲ್ಲಿ ಅದನ್ನು ದೇವರ ಹೆಸರಿನ ಹಾಗೆ ದನಿ ತಗ್ಗಿಸಿ ಹೇಳುತ್ತಿದ್ದರು. ಅಕ್ಕ ಶಾಂತಾ ಕೇಂದ್ರ ಸರಕಾರದ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದಳು. ತಾಯಿ ತಂದೆ ಇಲ್ಲದ ನನ್ನನ್ನು ಬೀದರಿನ ಕಡೆಯ ಊರಿನಿಂದ ಕರೆತಂದು ಸಾಕಿದವಳು ಅವಳೇ. ಏಳನೆಯ ತರಗತಿಗೇ ನಾನು ಶಾಲೆಗೆ ಕೈಮುಗಿದು ಪುಸ್ತಕ ಹೊಲಿಯುವ ಅಂಗಡಿ ಸೇರಿದೆ. ಓದಲಾರದವನು ಪುಸ್ತಕಕ್ಕೆ ಬೆನ್ನು ಕಟ್ಟುವುದನ್ನು ಕಲಿತೆ. ಆ ಓಣಿಯ ತುಂಬ ಆಗ ಕಂಪ್ಯೂಟರ್ ಕಲಿಸುವ ಕೋಚಿಂಗ್ ಸೆಂಟರುಗಳು ಹುಟ್ಟುತ್ತಿದ್ದವು. ಮನುಷ್ಯರು ಮಾತಾಡದ ಭಾಷೆಗಳ ನೋಟ್ಸುಗಳನ್ನು ಹಾಳೆ ಹಿಂದುಮುಂದಾಗದ ಹಾಗೆ ಜೋಡಿಸಿ ಹೊಲಿಯುವುದು ನನ್ನ ಕೆಲಸ. ಹಾಳೆಯ ಕ್ರಮ ತಪ್ಪದವನು ನೆಲದ ಕ್ರಮ ತಪ್ಪಿದೆ. ಆ ಕತೆಯನ್ನೇ ಹೇಳಹೊರಟಿದ್ದೇನೆ.

ಕಾರ್ಖಾನೆಯ ನೌಕರರೆಲ್ಲ ಸೇರಿ ಸಂಘ ಕಟ್ಟಿಕೊಂಡು ಕೊಂಡಾಪುರದಾಚೆ ಬಂಡೆಗಳ ನಡುವಿನ ಬಯಲೊಂದನ್ನು ಕೊಂಡು, ಹಂಚಿ, ಚೀಟಿ ಎತ್ತಿದ್ದರು. ಅಲ್ಲಿ ರಸ್ತೆಯಿಲ್ಲ, ದೀಪವಿಲ್ಲ, ಕುರಿಗಳಿದ್ದವು. ಆದರೆ ನಂಬಿ, ಆ ಬಡಾವಣೆಯಲ್ಲಿ ಒಂದು ಇಟ್ಟಿಗೆ ಬೀಳುವ ಮೊದಲೇ ಜನ ವಾಸಕ್ಕೆ ಬಂದಿದ್ದರು, ರವಿವಾರಗಳಲ್ಲಿ ಮಾತ್ರ. ನಾಂಪಲ್ಲಿಯಲ್ಲಿ ಬಸ್ಸು ಬದಲಿಸಿ, ಕೊನೆಯ ಸ್ಟಾಪಿನಿಂದ ನಡೆದು, ಬುತ್ತಿ ಚಾಪೆ ಹೊತ್ತು ಬಂದ ಕುಟುಂಬಗಳು ತಮ್ಮ ತಮ್ಮ ಪ್ಲಾಟಿನಲ್ಲಿ ರಂಗೋಲಿ ಪುಡಿಯಿಂದ ಗೋಡೆಗಳ ಗೆರೆ ಎಳೆದು, ಇದು ಅಡಿಗೆಮನೆ, ಇದು ಪಡಸಾಲೆ, ಇದು ದೇವರ ಕೋಣೆ ಎಂದು ಗೊತ್ತುಮಾಡಿಕೊಂಡು ಅವುಗಳೊಳಗೆ ಕೂತು ಉಣ್ಣುತ್ತಿದ್ದವು. ಒಬ್ಬರ ಮನೆಗೆ ಇನ್ನೊಬ್ಬರು ಹೋಗುವಾಗ ಬಾಗಿಲೆಂದು ಬಿಟ್ಟ ಸಂದಿನಲ್ಲಿ ಚಪ್ಪಲಿ ಕಳಚುತ್ತಿದ್ದರು. ಗೋಡೆ ದಾಟಿ ಓಡಿದ ಮಕ್ಕಳಿಗೆ ಏಟು ಬೀಳುತ್ತಿತ್ತು.

ರಸ್ತೆಯ ಮಗ್ಗುಲಿನ ಮೊದಲ ಪ್ಲಾಟು ಖಾದರ್ ಭಾಯಿಯವರದು. ಅಕ್ಕನ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ ಗುಲ್ಬರ್ಗಾದ ಮನುಷ್ಯ, ತಮಾಷೆಗಾರ. ಗೆರೆಯ ಹೊರಗೆ ನಿಂತು ಗಾಳಿಯಲ್ಲಿ ಬಾಗಿಲು ಬಡಿಯುತ್ತಿದ್ದರು.

"ಶಾಂತಾಬಾಯಿ, ಮನ್ಯಾಗ ಅದೀರೇನ್ರಿ?"

"ಬರ್ರಿ ಭಾಯಿ, ಒಳಗ ಬರ್ರಿ. ತಲಿ ಬಗ್ಗಿಸ್ರಿ, ಬಾಗಲಾ ಸಣ್ಣದೈತಿ," ಎನ್ನುವಳು ಅಕ್ಕ. ಅವರು ನಿಜವಾಗಿಯೂ ತಲೆ ಬಗ್ಗಿಸಿ ಒಳಗೆ ಬಂದು, ಇಲ್ಲದ ಚಾವಣಿಯನ್ನು ನೋಡಿ, "ಫ್ಯಾನ್ ಭಾಳ ಚಲೋ ತಿರಗಾಕತ್ತೈತಿ," ಎನ್ನುವರು. ಬಯಲ ಗಾಳಿ ಬೀಸುತ್ತಿತ್ತು.

ನಮ್ಮ ಪ್ಲಾಟು ಒಳಗಡೆ, ಎಮ್ಮೆಬಂಡೆಯಿಂದ ನಾಲ್ಕನೆಯದು. ಮಲಗಿದ ಎಮ್ಮೆಯ ಹಾಗಿದ್ದ ಆ ಬಂಡೆಗೆ ಹೆಸರಿಟ್ಟವಳು ಅಕ್ಕ. ನಕ್ಷೆ ಸಂಘದ ಕಚೇರಿಯಲ್ಲಿತ್ತು, ನಮ್ಮ ಪಾಲಿಗಿದ್ದದ್ದು ಎಮ್ಮೆ. ನಮ್ಮ ಸಾಲಿಗೆ ಬೇರೆ ಯಾರೂ ಹೆಚ್ಚು ಬರುತ್ತಿರಲಿಲ್ಲ. ಗಡಿಗಲ್ಲುಗಳ ಮೇಲಿನ ಕೆಂಪು ಅಂಕೆಗಳನ್ನು ಮಳೆ ತೊಳೆದಿತ್ತು, ಕಲ್ಲುಗಳನ್ನೇ ಕುರಿಯವರು ಒಲೆಗೆ ಒಯ್ದಿದ್ದರು.

ಒಂದು ವರ್ಷ ದೀಪಾವಳಿಯ ಹೊತ್ತಿಗೆ ಅಕ್ಕನಿಗೆ ಟೈಫಾಯಿಡ್ ಆಯಿತು. ಸಂಕ್ರಾಂತಿ ಕಳೆದರೂ ಅವಳಿಗೆ ಬಸ್ಸು ಹತ್ತುವ ಶಕ್ತಿ ಬಂದಿರಲಿಲ್ಲ. "ನೀ ಹೋಗಿ ಕಸಾ ತಗದು, ಹೊಸಾ ಕಲ್ಲ ಹುಗದು ಬಣ್ಣಾ ಹಚ್ಚಿ ಬಾ. ಯಾರರೆ ಕಬ್ಜಾ ಮಾಡ್ಯಾರು," ಎಂದು ನನ್ನನ್ನು ಕಳಿಸಿದಳು. ಆ ದಿನ ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ ಗೆಳೆಯರು ನನಗಾಗಿ ಕಾಯುವವರಿದ್ದರು. ನನ್ನ ಕಾಲು ಪ್ಲಾಟಿನ ಕಡೆಗಿತ್ತು, ಮನಸ್ಸು ಅಲ್ಲಿನ ದೊಡ್ಡ ರಾಟೆತೊಟ್ಟಿಲಲ್ಲಿ ಕೂತಾಗಿತ್ತು.

ಹೋಗಿ ನೋಡಿದರೆ ನೆಲದ ಮೇಲೆ ಹೊಸದಾಗಿ ಒಡೆದ ಬಿಳಿ ಕಲ್ಲಿನ ಚೂರುಗಳು ಹರಡಿದ್ದವು. ಯಾವುದೋ ಬಂಡೆಯನ್ನು ಒಡೆದು ಲಾರಿಗೆ ತುಂಬಿದ್ದರು. ಯಾವುದನ್ನು ಎಂದು ನಾನು ಕೇಳಿಕೊಳ್ಳಲಿಲ್ಲ. ಸ್ವಲ್ಪ ಮುಂದೆ ಪೊದೆಗಳ ನಡುವೆ ಎಮ್ಮೆಯೊಂದು ಮಲಗಿತ್ತು. ಅದರ ಮುಖ ಬೇರೆ ದಿಕ್ಕಿಗಿದೆ ಎಂದು ಅನ್ನಿಸಿತು. ನಾನೇ ಬೇರೆ ಕಡೆಯಿಂದ ನೋಡುತ್ತಿರಬೇಕು ಎಂದುಕೊಂಡೆ. ಅವಸರದಲ್ಲಿದ್ದವನಿಗೆ ಎಲ್ಲ ಬಂಡೆಗಳಲ್ಲೂ ಎಮ್ಮೆ ಕಾಣುತ್ತದೆ. ಅದರಿಂದ ನಾಲ್ಕು ಎಣಿಸಿ, ಕಲ್ಲು ಹುಗಿದು, ಬಣ್ಣ ಬಳಿದು ರಾಟೆಗೆ ಓಡಿದೆ.

ಅಕ್ಕ ಚೇತರಿಸಿಕೊಂಡು ಬಂದ ಮೊದಲ ರವಿವಾರ, ಗೆರೆ ಎಳೆಯಲು ಬಗ್ಗಿದವಳು ಮತ್ತೆ ನೆಟ್ಟಗೆ ನಿಂತಳು.

"ಬಸ್ಯಾ, ಎಮ್ಮಿ ಮಾರಿ ಅತ್ಲಾಗ ಇತ್ತಲ್ಲೋ?"

ಆ ಕ್ಷಣದಲ್ಲಿ ಬಿಳಿ ಚೂರುಗಳು ಕಣ್ಮುಂದೆ ಬಂದವು. "ಇತ್ಲಾಗ ಇತ್ತಕ್ಕಾ. ನೀ ಜ್ವರದಾಗ ಮರತೀದಿ," ಎಂದೆ.

"ಹಂಗಂತೀ?" ಎಂದು ಅವಳು ಒಂದಿಷ್ಟು ಹೊತ್ತು ಆ ಬಂಡೆಯನ್ನೇ ನೋಡಿ ಗೆರೆ ಎಳೆದಳು. ಮುಂದಿನ ವಾರ ಅಲ್ಲಿ ಸೀತಾಫಲದ ಸಸಿ ನೆಟ್ಟಳು. ಉಳಿದವರೆಲ್ಲ ತೆಂಗು ನೆಡುತ್ತಿದ್ದರು. ಖಾದರ್ ಭಾಯಿಗೆ ನಗೆ. "ಕಲ್ಲಿನ್ಯಾಗ ತಾನ ಹುಟ್ಟೂ ಗಿಡಕ್ಕ ನೀವು ಬಸ್ಸಿನ್ಯಾಗ ನೀರ ತರ್ತೀರಿ. ಟಿಕೇಟ್ ತಗಿಸೀರೇನು ನೀರಿಗೆ?"

"ಕಂಡಕ್ಟರ್ ಕೇಳ್ಯಾನ್ರಿ. ಕೂಸಿಗೆ ಟಿಕೇಟ್ ಇಲ್ಲಾ ಅಂದೀನಿ," ಎಂದಳು ಅಕ್ಕ.

ಗಿಡ ನನ್ನ ಮೊಣಕಾಲಿನೆತ್ತರಕ್ಕೆ ಬಂದಿದ್ದಾಗ, ಅಕ್ಕ ಡ್ಯೂಟಿಯಲ್ಲಿದ್ದ ಒಂದು ರವಿವಾರ, ಖಾದರ್ ಭಾಯಿ ನನ್ನೊಬ್ಬನನ್ನೇ ಕರೆದರು. ತಮ್ಮ ಗಡಿ ಅಳೆಸಲು ಸಂಘದ ನಕ್ಷೆ ತಂದಿದ್ದರು. ಅದನ್ನು ನೆಲದ ಮೇಲೆ ಹರವಿ ಬೆರಳಿಟ್ಟರು. "ನೋಡು ಮಿಯಾ, ನಿಮ್ಮಕ್ಕ ಮಂದಿ ಮನ್ಯಾಗ ಕುಂತು ಉಣ್ಣಾಕತ್ತಾಳ. ನಿಮ್ಮದು ಅಲ್ಲೈತಿ." ಅವರು ತೋರಿಸಿದ ಕಡೆ, ಹಳೆಯ ಎಮ್ಮೆಬಂಡೆಯನ್ನು ಒಡೆದವರು ಅಲ್ಲಿಯವರೆಗೂ ಕಲ್ಲು ತೆಗೆದ ತಗ್ಗಿತ್ತು, ಅದರಲ್ಲಿ ಮಳೆನೀರು ನಿಂತಿತ್ತು.

ನಾನು ಅವರ ಕೈ ಹಿಡಿದೆ. ಅಕ್ಕನಿಗೆ ನಾನೇ ಹೇಳುತ್ತೇನೆ, ನೀವು ಹೇಳಬೇಡಿ ಎಂದೆ. ಅವರು ಮಾತು ಕೊಟ್ಟರು, ನಾನು ಹೇಳಲಿಲ್ಲ. ಮೊದಲು ನಾಚಿಕೆಯಿಂದ. ಆಮೇಲೆ, ಅಷ್ಟು ನಗುನಗುತ್ತ ಇರುವವಳನ್ನು ಹೇಗೆ ಎಬ್ಬಿಸಿ ತಗ್ಗಿಗೆ ಇಳಿಸಲಿ ಎಂಬ ಮರುಕದಿಂದ. ನನ್ನ ಹೇಡಿತನ ಎಷ್ಟೋ ವರ್ಷ ಈ ಮರುಕದ ಅಂಗಿ ತೊಟ್ಟುಕೊಂಡೇ ಓಡಾಡಿತು.

ಅಷ್ಟರಲ್ಲಿ ಬಯಲಿನ ಅಂಚಿಗೆ ಗಾಜಿನ ಕಟ್ಟಡಗಳು ಎದ್ದವು. ಸಂಜೆಯ ಸೂರ್ಯ ಮೊದಲು ಬಂಡೆಗಳ ಹಿಂದೆ ಮುಳುಗುತ್ತಿದ್ದವನು ಈಗ ಗಾಜಿನೊಳಗೆ ಮುಳುಗತೊಡಗಿದ. ಕುರಿಗಳ ದಾರಿ ಡಾಂಬರಾಯಿತು, ಡಾಂಬರು ಅಗಲವಾಯಿತು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹುಡುಗ ಹುಡುಗಿಯರು ಬಾಡಿಗೆ ಮನೆ ಹುಡುಕುತ್ತ ಬಂದರು, ಅವರಲ್ಲಿ ಕೆಲವರ ನೋಟ್ಸನ್ನು ನಾನೇ ಹೊಲಿದಿದ್ದಿರಬೇಕು. ರಂಗೋಲಿಯ ಗೋಡೆಗಳ ಮೇಲೆ ಇಟ್ಟಿಗೆಯ ಗೋಡೆಗಳು ಎದ್ದಂತೆ ಜನ ನಿಜವಾಗಿಯೂ ವಾಸಕ್ಕೆ ಬಂದರು, ಮತ್ತು ಒಬ್ಬರ ಮನೆಗೊಬ್ಬರು ಹೋಗುವುದು ನಿಂತಿತು. ಈಗ ಬಾಗಿಲುಗಳಿದ್ದವಲ್ಲ, ಮುಚ್ಚಬಹುದಿತ್ತು.

ಅಕ್ಕ ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆ ಕಟ್ಟಿಸಲು ಹೊರಟಳು. ಭೂಮಿಪೂಜೆಯ ಬೆಳಿಗ್ಗೆಯವರೆಗೂ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಲೇ ಇದ್ದೆ. ಅಕ್ಕ ರೇಶಿಮೆ ಸೀರೆ ಉಟ್ಟು ಸೀತಾಫಲದ ನೆರಳಲ್ಲಿ ಕಲಶ ಇಟ್ಟಿದ್ದಳು. ಹಳೆಯ ರವಿವಾರದವರೆಲ್ಲ ಬಂದಿದ್ದರು. ಕಂಟ್ರಾಕ್ಟರ್ ಕರೆತಂದ ಸರ್ವೇಯರು ರಸ್ತೆಯ ಮೂಲೆಗಲ್ಲಿನಿಂದ ಟೇಪು ಹಿಡಿದು ಬಂದವನು ಎರಡು ಸಲ ನಕ್ಷೆ ನೋಡಿ, "ಇದಿ ಮೀದಿ ಕಾದಮ್ಮಾ," ಎಂದ. ಇದು ನಿಮ್ಮದಲ್ಲ.

ಅಕ್ಕ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ಬರೀ ಗೊಂದಲ. "ಏನಂತಾನೋ ಇಂವ? ಗುರ್ತ ಹಾಕಿದಾಂವ ನೀನಲ್ಲೇನು?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮುಂದೆ ನಾನಾಡಿದ ಮಾತೇ ನಾನು ಇಲ್ಲಿ ಒಪ್ಪಿಕೊಳ್ಳಬೇಕಾದದ್ದು. ಬಂಡೆ ತಪ್ಪಿದ್ದು ದೊಡ್ಡದಲ್ಲ.

"ನೀ ಹೇಳಿದ ಬಂಡಿನ ಹಿಡದು ಎಣಿಸೀನಕ್ಕಾ. ಅದ ಎಮ್ಮಿಬಂಡಿ ಅಂತ ನೀನ ಅಂದಿದ್ದಿ."

ಅವಳು ಹುಬ್ಬು ಕೂಡಿಸಿ ಯೋಚಿಸಿದಳು. ಇಲ್ಲದ ನೆನಪನ್ನು ತನ್ನೊಳಗೆ ಹುಡುಕುತ್ತಿದ್ದದ್ದು ನನಗೆ ಕಾಣುತ್ತಿತ್ತು. "ನಾನ ಅಂದಿದ್ನೇನು? ಅಂದಿರಬೇಕು. ಜ್ವರದ ಮುಂದ ಏನ ಅಂದೀನೋ." ಆಮೇಲೆ ಜನರ ಕಡೆ ತಿರುಗಿ ನಕ್ಕಳು. "ತಪ್ಪ ನಂದ ಐತಿ ನೋಡ್ರಿ. ಮಂದಿ ಕೂಸಿಗೆ ಹಾಲ ಕುಡಿಸೀನಿ ಇಷ್ಟ ದಿನಾ." ಕಲಶ ಎತ್ತಿಕೊಂಡು, ಸೀರೆಯ ನೆರಿಗೆ ಹಿಡಿದು, ತಗ್ಗಿನ ಕಡೆ ನಡೆದಳು.

ಪೂಜೆ ಮುಗಿದ ಮೇಲೆ ಕೈ ತೊಳೆಯುತ್ತಿದ್ದಾಗ ಖಾದರ್ ಭಾಯಿ ಮೆಲ್ಲಗೆ ಹೇಳಿದರು: "ಬಸು ಮಿಯಾ, ಲೆಕ್ಕಾ ತಪ್ಪಿದ್ದು ಮಾಫ್. ಇವತ್ತಿಂದು ಮಾಫ್ ಮಾಡಾಕ ನಾ ಯಾರು? ಆಕೀನ ಕೇಳು." ಆ ಮೇಲೆ ಅವರು ಪ್ಲಾಟು ಮಾರಿ ಮಗಳ ಊರಿಗೆ ಹೋದರು. ಅವರ ಮಾತು ಮಾತ್ರ ಇಲ್ಲೇ ಉಳಿಯಿತು.

ತಗ್ಗು ತುಂಬಿಸಿ, ಅಡಿಪಾಯ ಎತ್ತರಿಸಿ ಮನೆಯಾಯಿತು. ಮದುವೆಯಾಗಿ ಬೇರೆ ಮನೆ ಮಾಡಿದ್ದ ನಾನೂ ಹೆಂಡತಿ ತೀರಿಕೊಂಡ ಮೇಲೆ ಅಲ್ಲಿಗೇ ಬಂದೆ. ಸೀತಾಫಲದ ಪ್ಲಾಟನ್ನು ಕೊಂಡ ಗಾಜಿನ ಕಟ್ಟಡದಲ್ಲಿ ಕೆಲಸ ಮಾಡುವ ದಂಪತಿ ಗಿಡ ಕಡಿಯದೆ ಮನೆ ಕಟ್ಟಿದರು. ಪ್ರತಿ ವರ್ಷ ಆ ಹುಡುಗಿ ಬಟ್ಟಲಲ್ಲಿ ಹಣ್ಣು ತಂದು, "ಆಂಟೀ, ಮಾ ಚೆಟ್ಟುವಿ," ತಮ್ಮ ಗಿಡದ್ದು, ಎನ್ನುತ್ತಾಳೆ. ಅಕ್ಕ ತಿಂದು, ಸಿಹಿಯಾಗಿವೆ ಎಂದು ತೆಲುಗಿನಲ್ಲಿ ಹೊಗಳಿ ಬಟ್ಟಲು ತೊಳೆದು ಕೊಡುತ್ತಾಳೆ. ನೆಟ್ಟವಳು ತಾನೆಂದು ಒಮ್ಮೆಯೂ ಹೇಳಿಲ್ಲ.

ಆದರೆ ತನ್ನ ಮರೆವಿನ ಕತೆಯನ್ನು ಮಾತ್ರ ಕಂಡಕಂಡವರಿಗೆ ಹೇಳುತ್ತಾಳೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ಓರೆಯಿದ್ದರೂ ಬಿಡಿಭಾಗವನ್ನು ತಿರಸ್ಕರಿಸುತ್ತಿದ್ದವಳು ತನ್ನ ಬುದ್ಧಿಯನ್ನೇ ಓರೆಯೆಂದು ತಿರಸ್ಕರಿಸತೊಡಗಿದಳು. ಗ್ಯಾಸು ಆರಿಸಿದೆನೇ ನೋಡು, ಇವತ್ತು ಬುಧವಾರವೇ ಹೇಳು, ಅಂಗಡಿಗೆ ಎಡಕ್ಕೋ ಬಲಕ್ಕೋ ತೋರಿಸು. ಓಣಿಯ ತುದಿಯಲ್ಲಿ ನಿಂತು, ಹಿಂದಿರುಗಿ ನೋಡಿ, ನಾನು ಕೈ ಮಾಡಿದ ಮೇಲೆಯೇ ತಿರುಗುತ್ತಿದ್ದಳು. ಪ್ರತಿ ಸಲವೂ ಅವಳದೇ ಸರಿಯಾಗಿರುತ್ತಿತ್ತು. ಈ ನಗರದಲ್ಲಿ ನೆಲದ ಕಬ್ಜಾ ಮಾಡುವವರ ಮೇಲೆ ಕೋರ್ಟಿದೆ, ಪೋಲೀಸಿದೆ. ಒಬ್ಬರ ನೆನಪಿನೊಳಗೆ ಸುಳ್ಳು ಗಡಿಗಲ್ಲು ಹುಗಿದವನ ಮೇಲೆ ಎಲ್ಲಿ ಫಿರ್ಯಾದು ಕೊಡುತ್ತೀರಿ?

ಮೊನ್ನೆ ಬೆಳಿಗ್ಗೆ ಚಹಾಕ್ಕೆ ಕೂತಾಗ ಅಕ್ಕ ಮನೆಯ ಕೀಲಿಗೊಂಚಲನ್ನು ನನ್ನ ಮುಂದಿಟ್ಟಳು. "ಇನ್ನ ಮ್ಯಾಲ ಇವು ನಿನ್ನ ಕಡೆ ಇರ್ಲಿ. ಒಂದಿನ ಬಾಗಲಾ ತಗದ ಬಿಟ್ಟ ಹೋದೇನು ನಾನು. ನನ್ನ ತಲಿ ನಂಬೂಹಂಗಿಲ್ಲ, ನಿನಗ ಗೊತ್ತೈತೆಲ್ಲ."

ಕೀಲಿ ತಣ್ಣಗಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ. ರಾಟೆಯ ಆಸೆ, ಬಿಳಿ ಚೂರು, ನಕ್ಷೆ, ಪೂಜೆಯ ದಿನದ ಮಾತು, ಎಲ್ಲ. ನೀನು ಮರೆತಿರಲಿಲ್ಲ ಅಕ್ಕಾ, ನೀನು ಒಮ್ಮೆಯೂ ಮರೆತಿರಲಿಲ್ಲ ಎಂದೆ. ಅವಳು ಕಪ್ಪಿನೊಳಗೆ ನೋಡುತ್ತ ಕೇಳಿಸಿಕೊಂಡಳು. ಚಹಾಕ್ಕೆ ಕೆನೆ ಕಟ್ಟಿತು.

"ಖಾದರ್ ಭಾಯಿಗೂ ಗೊತ್ತಿತ್ತೇನು?"

"ಗೊತ್ತಿತ್ತಕ್ಕಾ."

ಅಕ್ಕ ಎದ್ದು ಕೈಚೀಲ ತೆಗೆದುಕೊಂಡಳು. ನನ್ನ ಅಂಗೈಯಿಂದ ಕೀಲಿಗೊಂಚಲನ್ನು ಎತ್ತಿಕೊಂಡಳು.

"ನಾನೂ ಬರ್ಲೇನು?"

"ಬ್ಯಾಡ."

ಅವಳ ಹಿಂದೆ ಬಾಗಿಲು ಮುಚ್ಚಿತು. ಹೊರಗಿನಿಂದ ಕೀಲಿ ತಿರುಗಿದ ಸಪ್ಪಳವಾಯಿತು. ನಾನು ಒಳಗೇ ಇದ್ದೆ. ಕಿಟಕಿಗೆ ಹೋಗಿ ನೋಡಿದೆ. ಓಣಿಯ ತುದಿಯಲ್ಲಿ ಅವಳು ನಿಲ್ಲಲಿಲ್ಲ, ಹಿಂದಿರುಗಿ ನೋಡಲಿಲ್ಲ, ಎಡಕ್ಕೆ ತಿರುಗಿ ಹೋದಳು. ನಾನು ಒಳಗಿರುವುದನ್ನು ಮರೆತು ಕೀಲಿ ಹಾಕಿದಳು ಎಂಬ ಮಾತು ನಾಲಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು, ಅವಳು ಬಂದು ತೆಗೆಯುವವರೆಗೆ ಬಾಗಿಲ ಹತ್ತಿರವೇ ಕೂತೆ.